ಹೊಟ್ಟೆಯ ಮೇಲಿನ ಚೀಲ ಸೋರದಿರಲಿ: ಕೊಲೊಸ್ಟಮಿ ಆದವರ ಆರೈಕೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಬಂಗಾರಪೇಟೆ ಹಾಗೂ ಕೆ.ಜಿ.ಎಫ್. ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಇಂದು ನನಗೆ ವಹಿಸಿರುವ ವಿಷಯವು ನಮ್ಮ ಸಭೆಗಳ ಕಾರ್ಯಸೂಚಿಯಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವಂಥದ್ದಲ್ಲ. ರಸ್ತೆ, ಚರಂಡಿ, ಕುಡಿಯುವ ನೀರು, ಬೀದಿದೀಪ ಇವುಗಳ ಬಗ್ಗೆ ಜನರು ತಮ್ಮ ಬಳಿ ಬಂದು ಗಟ್ಟಿಯಾಗಿ ಕೇಳುತ್ತಾರೆ. ಆದರೆ ಹೊಟ್ಟೆಯ ಮೇಲೆ ಮಲದ ಚೀಲ ಅಂಟಿಸಿಕೊಂಡು ಬದುಕುತ್ತಿರುವವರು ಯಾರ ಬಳಿಯೂ ಬಂದು ಕೇಳುವುದಿಲ್ಲ. ಅವರು ಮದುವೆಗೆ ಹೋಗುವುದನ್ನು ಬಿಡುತ್ತಾರೆ, ಗ್ರಾಮಸಭೆಗೆ ಬರುವುದನ್ನು ಬಿಡುತ್ತಾರೆ, ಕೂಲಿಗೆ ಹೋಗುವುದನ್ನು ಬಿಡುತ್ತಾರೆ; ಕೊನೆಗೆ, ಚೀಲ ತುಂಬದಿರಲಿ ಎಂದು ಊಟವನ್ನೇ ಕಡಿಮೆ ಮಾಡುತ್ತಾರೆ. ಇವೆಲ್ಲಕ್ಕೂ ಕಾರಣ ರೋಗವೇ ಎಂದು ನಾವು ತಿಳಿಯುತ್ತೇವೆ. ಬಹಳ ಸಲ ಕಾರಣ ರೋಗವಲ್ಲ, ಸೋರಿಕೆಯ ಭಯ.

ಸೋರಿಕೆಯು ಹಣೆಬರಹವಲ್ಲ, ಪ್ರತಿಯೊಂದು ಸೋರಿಕೆಗೂ ಕಣ್ಣಿಗೆ ಕಾಣುವ ಒಂದು ಕಾರಣವಿರುತ್ತದೆ ಮತ್ತು ಬಹುಪಾಲು ಕಾರಣಗಳನ್ನು ಮನೆಯಲ್ಲಿಯೇ ಸರಿಪಡಿಸಬಹುದು. ಉಳಿದ ಕೆಲವನ್ನು ಗ್ರಾಮ ಪಂಚಾಯಿತಿ ಸರಿಪಡಿಸಬಹುದು. ಈ ಉಪನ್ಯಾಸದ ಸಾರ ಇಷ್ಟೇ.

ಕೊಲೊಸ್ಟಮಿ ಎಂದರೇನು?

ಗುದನಾಳದ ಕ್ಯಾನ್ಸರ್, ಕರುಳು ಕಟ್ಟಿಕೊಳ್ಳುವುದು, ಕರುಳಿನಲ್ಲಿ ತೂತು ಬೀಳುವುದು, ಅಪಘಾತದ ಪೆಟ್ಟು, ಹುಟ್ಟುವಾಗಲೇ ಮಲದ್ವಾರವಿಲ್ಲದಿರುವುದು ಮುಂತಾದ ಸಂದರ್ಭಗಳಲ್ಲಿ ಶಸ್ತ್ರವೈದ್ಯರು ದೊಡ್ಡ ಕರುಳಿನ ಒಂದು ಭಾಗವನ್ನು ಹೊಟ್ಟೆಯ ಗೋಡೆಯ ಮೂಲಕ ಹೊರತಂದು ಚರ್ಮಕ್ಕೆ ಹೊಲಿಯುತ್ತಾರೆ. ಇದೇ ಕೊಲೊಸ್ಟಮಿ. ಹೊರಗೆ ಕಾಣುವ ಕೆಂಪು ತುದಿಗೆ ಸ್ಟೋಮಾ ಎಂದು ಹೆಸರು. ಕೆಲವರಿಗೆ ಇದು ಕೆಲವು ತಿಂಗಳುಗಳ ಏರ್ಪಾಡು, ಕೆಲವರಿಗೆ ಜೀವನಪರ್ಯಂತ. ಸಾಮಾನ್ಯವಾಗಿ ಇದು ಹೊಟ್ಟೆಯ ಎಡಭಾಗದ ಕೆಳಗಿರುತ್ತದೆ ಮತ್ತು ಇಲ್ಲಿಂದ ಬರುವ ಮಲವು ಸಾಕಷ್ಟು ಗಟ್ಟಿಯಾಗಿರುತ್ತದೆ. ಸಣ್ಣ ಕರುಳನ್ನು ಹೊರತಂದಿದ್ದರೆ ಅದು ಇಲಿಯೊಸ್ಟಮಿ. ಅಲ್ಲಿ ಮಲ ನೀರಾಗಿ ಬರುವುದರಿಂದ ಚರ್ಮಕ್ಕೆ ಹೆಚ್ಚಿನ ಅಪಾಯವಿರುತ್ತದೆ, ದೇಹದ ನೀರೂ ಉಪ್ಪೂ ಬೇಗ ನಷ್ಟವಾಗುತ್ತವೆ. ಆದ್ದರಿಂದ ಎರಡರಲ್ಲಿ ಯಾವುದು ಎಂಬುದನ್ನು ಆಸ್ಪತ್ರೆಯ ಬಿಡುಗಡೆ ಪತ್ರದಿಂದ ಮೊದಲು ತಿಳಿದುಕೊಳ್ಳಬೇಕು.

ಆರೋಗ್ಯವಾಗಿರುವ ಸ್ಟೋಮಾ ನಮ್ಮ ಬಾಯಿಯ ಒಳಭಾಗದಂತೆ ಕೆಂಪಗೆ, ತೇವವಾಗಿ ಇರುತ್ತದೆ. ಅದನ್ನು ಮುಟ್ಟಿದರೆ ನೋವಾಗುವುದಿಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಕಾಣಿಸಿದರೆ ಗಾಬರಿಪಡಬೇಕಾಗಿಲ್ಲ. ಸ್ಟೋಮಾಕ್ಕೆ ಬಿಗಿಹಿಡಿಯುವ ಶಕ್ತಿಯಿಲ್ಲ. ಮಲ, ವಾಯು ತಮ್ಮಷ್ಟಕ್ಕೆ ಹೊರಬರುತ್ತವೆ. ಅವನ್ನು ಹಿಡಿದಿಡಲು ಚೀಲ ಬೇಕು, ಚೀಲವನ್ನು ಚರ್ಮಕ್ಕೆ ಹಿಡಿದಿಡಲು ಅಂಟು ಬೇಕು. ಸೋರಿಕೆಯ ಪ್ರಶ್ನೆಯೆಲ್ಲವೂ ಈ ಅಂಟಿನ ಸುತ್ತಲೇ ಇದೆ.

ಅಂಟು ಹೇಗೆ ಕೆಲಸ ಮಾಡುತ್ತದೆ?

1954ರಲ್ಲಿ ಡೆನ್ಮಾರ್ಕಿನ ದಾದಿ ಎಲಿಸ್ ಸೋರೆನ್ಸನ್ ಅವರು ಚರ್ಮಕ್ಕೆ ಅಂಟುವ ಚೀಲದ ಕಲ್ಪನೆಯನ್ನು ಮುಂದಿಟ್ಟರು. ಸ್ಟೋಮಾ ಆಗಿದ್ದ ಅವರ ತಂಗಿಯು ಸೋರಿಕೆಗೆ ಹೆದರಿ ಮನೆಯಿಂದ ಹೊರಬರಲು ಹಿಂಜರಿಯುತ್ತಿದ್ದುದೇ ಅದಕ್ಕೆ ಪ್ರೇರಣೆ. ಅದೇ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ ಅವರು ಸ್ಟೋಮಾ ಸುತ್ತಲಿನ ಚರ್ಮವನ್ನು ಕಾಪಾಡಲು ಕರಾಯ ಅಂಟನ್ನು ಬಳಕೆಗೆ ತಂದರು. ಕರಾಯವು ನಮ್ಮ ದೇಶದ ಒಣ ಕಾಡುಗಳ ಮರದಿಂದಲೇ ಸಿಗುವ ಅಂಟು ಎಂಬುದು ಗಮನಾರ್ಹ.

ಇಂದು ದೊರೆಯುವ ಚೀಲಗಳಲ್ಲಿ ಎರಡು ಭಾಗಗಳಿವೆ: ಚರ್ಮಕ್ಕೆ ಅಂಟುವ ಬೇಸ್‌ಪ್ಲೇಟ್ ಮತ್ತು ಮಲ ಸೇರುವ ಚೀಲ. ಕೆಲವು ಮಾದರಿಗಳಲ್ಲಿ ಇವೆರಡೂ ಒಂದಾಗಿಯೇ ಬರುತ್ತವೆ. ಇನ್ನು ಕೆಲವುಗಳಲ್ಲಿ ಪ್ಲೇಟನ್ನು ಚರ್ಮದ ಮೇಲೆಯೇ ಉಳಿಸಿ ಚೀಲವನ್ನು ಮಾತ್ರ ಬದಲಿಸಬಹುದು. ಪ್ಲೇಟಿನ ಅಂಟು ಚರ್ಮದ ಸ್ವಲ್ಪ ತೇವವನ್ನು ಹೀರಿಕೊಂಡು ಹಿಡಿದು ನಿಲ್ಲುತ್ತದೆ. ಆದರೆ ಸ್ಟೋಮಾದ ಕಡೆಯಿಂದ ಮಲದ ತೇವ ಒಳನುಗ್ಗಿದರೆ ಅದು ಉಬ್ಬಿ, ಕರಗಿ, ದಾರಿ ಬಿಡುತ್ತದೆ. ಆದ್ದರಿಂದ ಅಂಟಿಗೆ ಬೇಕಾದುದು ಮೂರೇ: ಶುದ್ಧವಾದ ಚರ್ಮ, ಒಣಗಿದ ಚರ್ಮ, ಸಮತಟ್ಟಾದ ಚರ್ಮ. ಈ ಮೂರರಲ್ಲಿ ಯಾವುದು ತಪ್ಪಿದರೂ ಎಷ್ಟು ಬೆಲೆಯ ಚೀಲ ತಂದರೂ ಸೋರುತ್ತದೆ.

ಸೋರಿಕೆಗೆ ಮುಖ್ಯ ಕಾರಣಗಳು

ಮೊದಲನೆಯದು ಅಳತೆ. ಪ್ಲೇಟಿನ ನಡುವಿನ ತೂತು ಸ್ಟೋಮಾಗಿಂತ ಸುತ್ತಲೂ 2ರಿಂದ 3 ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು. ತೂತು ದೊಡ್ಡದಾದರೆ ಬರಿಯ ಚರ್ಮಕ್ಕೆ ಮಲ ತಾಗಿ ಸುಡುತ್ತದೆ. ಚಿಕ್ಕದಾದರೆ ಸ್ಟೋಮಾವನ್ನು ಒತ್ತಿ ಗಾಯ ಮಾಡುತ್ತದೆ. ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ಸ್ಟೋಮಾ ಊದಿಕೊಂಡಿದ್ದು, ಮುಂದಿನ 6ರಿಂದ 8 ವಾರಗಳಲ್ಲಿ ಕುಗ್ಗುತ್ತದೆ. ಆಸ್ಪತ್ರೆಯಲ್ಲಿ ಮೊದಲ ದಿನ ಕತ್ತರಿಸಿಕೊಟ್ಟ ಅಳತೆಯನ್ನೇ ಮೂರು ತಿಂಗಳ ನಂತರವೂ ಮುಂದುವರಿಸುವುದು ಸೋರಿಕೆಯ ಸಾಮಾನ್ಯ ಕಾರಣಗಳಲ್ಲೊಂದು. ಈ ಅವಧಿಯಲ್ಲಿ ವಾರಕ್ಕೊಮ್ಮೆ ಅಳತೆ ನೋಡಬೇಕು. ಅಳತೆಯ ಕಾಗದ ಇಲ್ಲದಿದ್ದರೆ ಪಾರದರ್ಶಕ ಹಾಳೆಯನ್ನು ಸ್ಟೋಮಾದ ಮೇಲೆ ಹಿಡಿದು ಅಂಚನ್ನು ಪೆನ್ನಿನಿಂದ ಗುರುತಿಸಿಕೊಂಡರೆ ಸಾಕು. ಮುಂದೆ ದೇಹದ ತೂಕ ಏರಿದಾಗ, ಇಳಿದಾಗ ಮತ್ತೊಮ್ಮೆ ಅಳೆಯಬೇಕು.

ಎರಡನೆಯದು ಚರ್ಮದ ಮೇಲಿನ ಜಿಡ್ಡು. ಇಲ್ಲಿ ನಮ್ಮ ಜಿಲ್ಲೆಯ ನೀರಿನ ಮಾತು ಬರುತ್ತದೆ. ನಮ್ಮ ಆಳದ ಕೊಳವೆಬಾವಿಗಳ ನೀರು ಅನೇಕ ಕಡೆ ಗಡಸು ನೀರು. ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ. ಬದಲಾಗಿ ಬಿಳಿಯ ಗಸಿಯಾಗಿ ಬಕೆಟ್ಟಿನ ಅಂಚಿನಲ್ಲಿ ಕೂರುತ್ತದೆ. ಅದೇ ಪೊರೆ ಚರ್ಮದ ಮೇಲೂ ಕೂರುತ್ತದೆ ಮತ್ತು ಅದರ ಮೇಲೆ ಅಂಟು ನಿಲ್ಲುವುದಿಲ್ಲ. ಸ್ಟೋಮಾ ಸುತ್ತ ತೊಳೆಯಲು ಸೋಪಿನ ಅಗತ್ಯವೇ ಇಲ್ಲ. ಉಗುರು ಬೆಚ್ಚಗಿನ ಬರಿಯ ನೀರು, ಮೆತ್ತನೆಯ ಹಳೆಯ ಹತ್ತಿಬಟ್ಟೆ ಸಾಕು. ಮನೆಯ ನೀರು ಬಹಳ ಗಡಸಾಗಿದ್ದರೆ ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಒಂದು ಚೊಂಬು ನೀರು ಈ ಕೆಲಸಕ್ಕೆ ಧಾರಾಳವಾಯಿತು. ಕೊಬ್ಬರಿ ಎಣ್ಣೆ, ಹರಿಶಿಣ, ಮುಖಕ್ಕೆ ಹಾಕುವ ಪೌಡರು, ಸ್ಪಿರಿಟ್ಟು, ಕ್ರಿಮಿನಾಶಕ ದ್ರಾವಣ ಇವು ಯಾವುವನ್ನೂ ಹಚ್ಚಬಾರದು. ಎಣ್ಣೆಯೂ ಪೌಡರೂ ಅಂಟನ್ನು ಕೆಡಿಸುತ್ತವೆ. ಸ್ಪಿರಿಟ್ಟು ಚರ್ಮವನ್ನು ಕೆಡಿಸುತ್ತದೆ.

ಮೂರನೆಯದು ಉಳಿದ ತೇವ. ತೊಳೆದ ಮೇಲೆ ಒತ್ತಿ ಒರೆಸಿ, ಗಾಳಿಗೆ ಪೂರ್ತಿ ಆರುವವರೆಗೆ ಕಾಯಬೇಕು. ಕೂದಲಿದ್ದರೆ ಅದರ ಬುಡದಲ್ಲಿ ತೇವ ನಿಲ್ಲುತ್ತದೆ. ಕತ್ತರಿಯಿಂದ ಎಚ್ಚರಿಕೆಯಾಗಿ ಕತ್ತರಿಸಿಕೊಳ್ಳಬೇಕೇ ಹೊರತು ಬ್ಲೇಡಿನಿಂದ ಕೆರೆಯಬಾರದು. ಮಾರ್ಚಿಯಿಂದ ಮೇ ವರೆಗಿನ ಬಿಸಿಲಿನಲ್ಲಿ ಬೆವರು ಹೆಚ್ಚಾದ್ದರಿಂದ ಪ್ಲೇಟು ನಿಲ್ಲುವ ಅವಧಿ ಒಂದು ದಿನದಷ್ಟು ಕಡಿಮೆಯಾಗಬಹುದು. ಆ ತಿಂಗಳುಗಳಲ್ಲಿ ಬದಲಾಯಿಸುವ ದಿನವನ್ನು ಮುಂಚಿತಕ್ಕೆ ತಂದುಕೊಳ್ಳುವುದು ಜಾಣತನ. ಚೀಲ ಮತ್ತು ಚರ್ಮದ ನಡುವೆ ಒಂದು ತೆಳುವಾದ ಹತ್ತಿಬಟ್ಟೆ ಇಟ್ಟರೆ ಬೆವರು ಹೀರುತ್ತದೆ.

ನಾಲ್ಕನೆಯದು ಹೊಟ್ಟೆಯ ಮಡಿಕೆ. ಮಲಗಿದಾಗ ಸಮತಟ್ಟಾಗಿ ಕಾಣುವ ಹೊಟ್ಟೆಯು ಕುಳಿತಾಗ, ಬಗ್ಗಿದಾಗ ಮಡಿಚಿಕೊಳ್ಳುತ್ತದೆ. ಆ ಮಡಿಕೆಯೇ ಮಲ ಹರಿಯುವ ಕಾಲುವೆಯಾಗುತ್ತದೆ. ಆದ್ದರಿಂದ ಕನ್ನಡಿಯ ಮುಂದೆ ನಿಂತು, ಕುಳಿತು, ಬಗ್ಗಿ ನೋಡಿ ಮಡಿಕೆ ಎಲ್ಲಿದೆ ಎಂದು ಗುರುತಿಸಿಕೊಳ್ಳಬೇಕು. ಔಷಧಿ ಅಂಗಡಿಗಳಲ್ಲಿ ಕೇಳಿದರೆ ತರಿಸಿಕೊಡುವ ಸ್ಟೋಮಾ ಪೇಸ್ಟನ್ನು ಆ ತಗ್ಗಿನಲ್ಲಿ ತುಂಬಿ ಸಮ ಮಾಡಿ, ಆಮೇಲೆ ಪ್ಲೇಟ್ ಅಂಟಿಸಬೇಕು. ಪೇಸ್ಟು ಇರುವುದು ತಗ್ಗು ತುಂಬಲು. ಗೋಂದಿನಂತೆ ಇಡೀ ಪ್ಲೇಟಿಗೆ ಬಳಿದರೆ ಅಂಟು ಕಡಿಮೆಯಾಗುತ್ತದೆ. ಸ್ಟೋಮಾ ಚರ್ಮದ ಮಟ್ಟಕ್ಕೆ ಅಥವಾ ಅದಕ್ಕಿಂತ ಒಳಗೆ ಇಳಿದಿದ್ದರೆ ಉಬ್ಬು ಪ್ಲೇಟ್ ಮತ್ತು ಬೆಲ್ಟು ಬೇಕಾಗುತ್ತವೆ. ಇವನ್ನು ವೈದ್ಯರು ಅಥವಾ ಸ್ಟೋಮಾ ದಾದಿಯವರು ನೋಡಿಯೇ ಸೂಚಿಸಬೇಕು.

ಐದನೆಯದು ಭಾರ. ಚೀಲವು ಮೂರನೇ ಒಂದು ಭಾಗ, ಹೆಚ್ಚೆಂದರೆ ಅರ್ಧ ತುಂಬಿದಾಗ ಖಾಲಿ ಮಾಡಬೇಕು. ಪೂರ್ತಿ ತುಂಬುವವರೆಗೆ ಬಿಟ್ಟರೆ ಭಾರಕ್ಕೆ ಪ್ಲೇಟು ಮೇಲಿನಿಂದ ಬಿಚ್ಚಿಕೊಳ್ಳುತ್ತದೆ. ಒಂದು ಚೀಲ ಉಳಿಸೋಣವೆಂದು ತುಂಬಲು ಬಿಡುವುದು ಒಂದು ಪ್ಲೇಟು, ಒಂದು ಸೀರೆ, ಒಂದು ದಿನದ ಕೂಲಿ ಕಳೆದುಕೊಳ್ಳುವ ದಾರಿ. ವಾಯು ತುಂಬಿ ಚೀಲ ಉಬ್ಬಿದಾಗಲೂ ಶೌಚಾಲಯಕ್ಕೆ ಹೋಗಿ ವಾಯು ಬಿಡಬೇಕು. ಚೀಲಕ್ಕೆ ಸೂಜಿಯಿಂದ ತೂತು ಮಾಡಬಾರದು.

ಆರನೆಯದು ಮಲವು ಕೆಳಗಿಳಿಯದೆ ಸ್ಟೋಮಾದ ಬಾಯಲ್ಲೇ ಮುದ್ದೆಯಾಗಿ ನಿಲ್ಲುವುದು. ಚೀಲದ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಂಡಾಗ ಹೀಗಾಗುತ್ತದೆ ಮತ್ತು ಮಲ ಪ್ಲೇಟಿನಡಿ ನುಸುಳುತ್ತದೆ. ಚೀಲ ಹಾಕುವ ಮೊದಲು ಒಳಗೆ ಸ್ವಲ್ಪ ಗಾಳಿ ಆಡಿಸಿ, ಚೀಲದ ತಳಭಾಗಕ್ಕೆ ಒಂದೆರಡು ಚಮಚ ನೀರು ಹಾಕಿದರೆ ಗೋಡೆಗಳು ಬೇರೆಯಾಗಿರುತ್ತವೆ. ಮಲ ಬಹಳ ಗಟ್ಟಿಯಾಗಿದ್ದರೆ ಕುಡಿಯುವ ನೀರಿನ ಪ್ರಮಾಣ ಹೆಚ್ಚಿಸಬೇಕು.

ಚೀಲ ಬದಲಾಯಿಸುವ ಕ್ರಮ

ಬೆಳಿಗ್ಗೆ ಎದ್ದು ಏನೂ ತಿನ್ನುವ ಮೊದಲು ಬದಲಾಯಿಸುವುದು ಉತ್ತಮ. ಆಗ ಮಲ ಬರುವುದು ಕಡಿಮೆ. ಹೊಸ ಪ್ಲೇಟು, ಚೀಲ, ಕತ್ತರಿ, ನೀರು, ಬಟ್ಟೆ, ಹಳೆಯ ಪತ್ರಿಕೆ ಎಲ್ಲವನ್ನೂ ಕೈಗೆಟಕುವಂತೆ ಇಟ್ಟುಕೊಂಡೇ ಆರಂಭಿಸಬೇಕು. ಹಳೆಯ ಪ್ಲೇಟನ್ನು ಒಂದು ಕೈಯಿಂದ ಮೇಲಿನಿಂದ ಕೆಳಕ್ಕೆ ಬಿಡಿಸುತ್ತಾ, ಇನ್ನೊಂದು ಕೈಯಿಂದ ಚರ್ಮವನ್ನು ಒತ್ತಿ ಹಿಡಿಯಬೇಕು, ಕಿತ್ತೆಳೆಯಬಾರದು. ತೊಳೆದು, ಆರಿಸಿ, ಅಳತೆಗೆ ತೂತು ಕತ್ತರಿಸಿ, ಒರಟಾದ ಅಂಚನ್ನು ಬೆರಳಿನಿಂದ ನಯ ಮಾಡಬೇಕು. ಪ್ಲೇಟನ್ನು ಅಂಗೈಗಳ ನಡುವೆ ಒಂದು ನಿಮಿಷ ಇಟ್ಟು ಬೆಚ್ಚಗೆ ಮಾಡಿ, ಸ್ಟೋಮಾದ ಅಂಚಿನಿಂದ ಹೊರಕ್ಕೆ ಒತ್ತುತ್ತಾ ಅಂಟಿಸಿ, ಅಂಗೈಯಿಟ್ಟು ಕೆಲವು ನಿಮಿಷ ಹಾಗೆಯೇ ಹಿಡಿದಿರಬೇಕು. ಅಂಟಿಗೆ ಮೈಯ ಬಿಸಿ ತಾಗಿದರೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಬಿಸಿಲಿನಲ್ಲಿ ಅಥವಾ ಒಲೆಯ ಮುಂದೆ ಹಿಡಿದು ಬಿಸಿ ಮಾಡಬಾರದು. ಹಾಗೆಯೇ ಚೀಲಗಳ ಪೆಟ್ಟಿಗೆಯನ್ನು ತಗಡಿನ ಚಾವಣಿಯ ಅಡಿಯ ಅಟ್ಟದಲ್ಲಿಯೋ ಕಿಟಕಿಯ ಬಿಸಿಲಿನಲ್ಲಿಯೋ ಇಟ್ಟರೆ ಅಂಟು ಕರಗಿ ಬಳಕೆಗೆ ಮೊದಲೇ ಹಾಳಾಗುತ್ತದೆ. ಮನೆಯ ತಂಪಾದ ಮೂಲೆಯೇ ಅದಕ್ಕೆ ಸರಿಯಾದ ಜಾಗ.

ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು ಎಂಬುದು ಎಲ್ಲರ ಪ್ರಶ್ನೆ. ಕೆಳಗೆ ಬಾಯಿ ತೆರೆದು ಖಾಲಿ ಮಾಡುವ ಚೀಲದ ಪ್ಲೇಟು ಸಾಮಾನ್ಯವಾಗಿ 3ರಿಂದ 4 ದಿನ ನಿಲ್ಲುತ್ತದೆ. ಕೆಲವರಿಗೆ ಇನ್ನೂ ಹೆಚ್ಚು ದಿನ. ಒಂದು ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ತರವಲ್ಲ. ಉದ್ದೇಶವು ಹೆಚ್ಚು ದಿನ ಎಳೆಯುವುದಲ್ಲ, ಸೋರುವ ಮೊದಲೇ ಬದಲಾಯಿಸುವ ದಿನವನ್ನು ಕಂಡುಕೊಳ್ಳುವುದು. ನಾಲ್ಕನೆಯ ದಿನ ಸೋರುವುದಾದರೆ ಮೂರನೆಯ ದಿನದ ಬೆಳಿಗ್ಗೆ ಬದಲಾಯಿಸಿ, ಅದನ್ನೇ ನಿಯಮ ಮಾಡಿಕೊಳ್ಳಬೇಕು. ನಡುವೆ ತುರಿಕೆ, ಉರಿ, ವಾಸನೆ ಕಂಡುಬಂದರೆ ದಿನ ಎಣಿಸದೆ ಕೂಡಲೇ ತೆಗೆಯಬೇಕು. ಸೋರುವ ಅಂಚಿಗೆ ಪ್ಲಾಸ್ಟರ್ ಹಚ್ಚಿ ಮುಚ್ಚಿದರೆ ಮಲ ಒಳಗೇ ನಿಂತು ಚರ್ಮವನ್ನು ತಿನ್ನುತ್ತದೆ.

ತೆಗೆದ ಪ್ಲೇಟನ್ನು ಓದುವುದು

ಇಡೀ ಉಪನ್ಯಾಸದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ತೆಗೆದ ಪ್ಲೇಟನ್ನು ಎಸೆಯುವ ಮೊದಲು ತಿರುಗಿಸಿ ನೋಡಬೇಕು. ತೂತಿನ ಸುತ್ತ ಅಂಟು ಒಂದೇ ಸಮನಾಗಿ ಸ್ವಲ್ಪ ಉಬ್ಬಿದ್ದರೆ ಎಲ್ಲವೂ ಸರಿಯಾಗಿದೆ, ಅದೇ ಅವಧಿಯನ್ನು ಮುಂದುವರಿಸಬಹುದು. ಸುತ್ತಲೂ ಅಗಲವಾಗಿ ಕರಗಿ ಅಂಚಿನವರೆಗೂ ಬಂದಿದ್ದರೆ ಹೆಚ್ಚು ದಿನ ಇಟ್ಟುಕೊಂಡಿದ್ದೀರಿ ಅಥವಾ ತೂತು ದೊಡ್ಡದಾಗಿದೆ. ಒಂದೇ ದಿಕ್ಕಿನಲ್ಲಿ ನಾಲಿಗೆಯಂತೆ ಕರಗಿದ್ದರೆ ಆ ದಿಕ್ಕಿನಲ್ಲಿ ಮಡಿಕೆಯೋ ತಗ್ಗೋ ಇದೆ. ಮುಂದಿನ ಸಲ ಅಲ್ಲಿ ಪೇಸ್ಟು ತುಂಬಬೇಕು. ಮೇಲ್ಭಾಗದಲ್ಲಿ ಮಲ ಮೆತ್ತಿದ್ದರೆ ಅದು ಕೆಳಗಿಳಿಯದೆ ನಿಂತಿದೆ. ಅಂಟು ಕರಗದೆಯೇ ಪ್ಲೇಟು ಎದ್ದಿದ್ದರೆ ಚರ್ಮದಲ್ಲಿ ಜಿಡ್ಡು ಅಥವಾ ತೇವ ಉಳಿದಿತ್ತು. ಓದಲು ಬಾರದವರೂ ಇದನ್ನು ಓದಬಲ್ಲರು. ಇದನ್ನು ಮನೆಯವರಿಗೆ ಒಮ್ಮೆ ತೋರಿಸಿಕೊಟ್ಟರೆ, ಹೊಸ ಚೀಲದ ಬ್ರಾಂಡು ಹುಡುಕುತ್ತಾ ಹಣ ಕಳೆಯುವುದು ತಪ್ಪುತ್ತದೆ.

ಹಣದ ಲೆಕ್ಕವನ್ನೂ ನೋಡಬೇಕು. ದಿನಕ್ಕೊಂದು ಪ್ಲೇಟು ಸೋರಿದರೆ ತಿಂಗಳಿಗೆ 30 ಬೇಕು. ಮೂರು ದಿನಕ್ಕೊಂದಾದರೆ 10 ಸಾಕು. ಕೂಲಿ ಮಾಡುವ ಕುಟುಂಬಕ್ಕೆ ಈ 20ರ ವ್ಯತ್ಯಾಸವು ಚೀಲ ಬಳಸುವುದಕ್ಕೂ, ಅದನ್ನು ಬಿಟ್ಟು ಪ್ಲಾಸ್ಟಿಕ್ ಕವರು ಹಾಗೂ ಹಳೆಯ ಬಟ್ಟೆ ಕಟ್ಟಿಕೊಳ್ಳುವುದಕ್ಕೂ ನಡುವಿನ ವ್ಯತ್ಯಾಸ.

ಆಹಾರ ಮತ್ತು ದುಡಿಮೆ

ಕೊಲೊಸ್ಟಮಿ ಆದವರಿಗೆ ಪ್ರತ್ಯೇಕ ಪಥ್ಯವೆಂಬುದಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ಕೆಲವು ವಾರ ವೈದ್ಯರು ಹೇಳಿದ ಮೆತ್ತನೆಯ ಊಟ ಮಾಡಿ, ಆಮೇಲೆ ಒಂದೊಂದಾಗಿ ಹಳೆಯ ಊಟಕ್ಕೆ ಮರಳಬಹುದು. ರಾಗಿಮುದ್ದೆ ಬಿಡಬೇಕಾಗಿಲ್ಲ, ಅದರ ಜೊತೆ ನೀರು, ಮಜ್ಜಿಗೆ ಚೆನ್ನಾಗಿ ಕುಡಿಯಬೇಕು. ಅವರೆಕಾಳು, ಹುರುಳಿ, ಎಲೆಕೋಸು, ಈರುಳ್ಳಿ ಕೆಲವರಿಗೆ ವಾಯು ತರುತ್ತವೆ; ಪ್ರಯಾಣದ ಹಿಂದಿನ ದಿನ ಅವನ್ನು ಕಡಿಮೆ ಮಾಡಿದರೆ ಸಾಕು. ಹೊತ್ತಿಗೆ ಸರಿಯಾಗಿ ಊಟ ಮಾಡಿದರೆ ಮಲವೂ ಹೊತ್ತಿಗೆ ಬರತೊಡಗುತ್ತದೆ. ಊಟ ಬಿಟ್ಟರೆ ವಾಯು ಹೆಚ್ಚುತ್ತದೆ, ಶಕ್ತಿ ಕುಂದುತ್ತದೆ. ಚೀಲಕ್ಕೆ ಅದರಿಂದ ಯಾವ ಲಾಭವೂ ಇಲ್ಲ.

ಭಾರ ಎತ್ತುವ ವಿಷಯದಲ್ಲಿ ಎಚ್ಚರ ಬೇಕು. ಸ್ಟೋಮಾದ ಸುತ್ತ ಹೊಟ್ಟೆಯ ಗೋಡೆ ಬಲಹೀನವಾಗಿರುವುದರಿಂದ ತುಂಬಿದ ಕೊಡ, ಜಲ್ಲಿ ಬುಟ್ಟಿ, ಹುಲ್ಲಿನ ಹೊರೆ ಎತ್ತಿದರೆ ಅಂಡವಾಯುವಿನಂತೆ ಉಬ್ಬು ಬರಬಹುದು. ಉಬ್ಬು ಬಂದ ಹೊಟ್ಟೆಯ ಮೇಲೆ ಪ್ಲೇಟು ಸಮನಾಗಿ ಕೂರುವುದಿಲ್ಲ, ಸೋರಿಕೆ ಮತ್ತೆ ಆರಂಭವಾಗುತ್ತದೆ. ಆದ್ದರಿಂದ ಉದ್ಯೋಗ ಖಾತರಿ ಕೆಲಸದಲ್ಲಿ ಇಂಥವರಿಗೆ ನೀರು ಕೊಡುವ, ಮಕ್ಕಳನ್ನು ನೋಡಿಕೊಳ್ಳುವ ಹಗುರವಾದ ಕೆಲಸ ಹಂಚುವುದು ದಯೆಯಲ್ಲ, ವೈದ್ಯಕೀಯ ಅಗತ್ಯ.

ಯಾವಾಗ ಆಸ್ಪತ್ರೆಗೆ ಹೋಗಬೇಕು?

ಸ್ಟೋಮಾ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ, ರಕ್ತ ನಿಲ್ಲದೆ ಹರಿದರೆ, ಮಲವೂ ವಾಯುವೂ ನಿಂತು ಹೊಟ್ಟೆನೋವು, ವಾಂತಿ ಆರಂಭವಾದರೆ, ಕರುಳು ಹಠಾತ್ತಾಗಿ ಉದ್ದಕ್ಕೆ ಹೊರಬಂದರೆ ತಡಮಾಡದೆ 108 ವಾಹನ ಕರೆಸಬೇಕು. ಚರ್ಮ ಕೆಂಪಾಗಿ ಒಸರುತ್ತಿದ್ದರೆ, ಸರಿಯಾಗಿ ಅಂಟಿಸಿದರೂ ಪದೇ ಪದೇ ಸೋರುತ್ತಿದ್ದರೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ತೋರಿಸಬೇಕು. ನಮ್ಮವರಿಗೆ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇವೆ. ಹೋಗುವಾಗ ಕೊನೆಯದಾಗಿ ತೆಗೆದ ಪ್ಲೇಟನ್ನು ಕವರಿನಲ್ಲಿ ಹಾಕಿಕೊಂಡು ಹೋದರೆ, ಅಥವಾ ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಂಡಿದ್ದರೆ, ನೋಡುವವರಿಗೆ ಅರ್ಧ ಕೆಲಸ ಮುಗಿದಂತೆ.

ಶಸ್ತ್ರಚಿಕಿತ್ಸೆ ಇನ್ನೂ ಆಗಬೇಕಿರುವವರಿಗೆ ಒಂದು ಮಾತು. ಸ್ಟೋಮಾ ಎಲ್ಲಿ ಬರಬೇಕೆಂದು ಮೊದಲೇ ಗುರುತು ಮಾಡಿಸಿಕೊಳ್ಳುವಂತೆ ಅವರು ವೈದ್ಯರನ್ನು ಕೇಳಬೇಕು. ರೋಗಿಯನ್ನು ನಿಲ್ಲಿಸಿ, ಕೂರಿಸಿ, ಸೀರೆ ಅಥವಾ ಪಂಚೆ ಕಟ್ಟುವ ಜಾಗವನ್ನೂ ಹೊಟ್ಟೆಯ ಮಡಿಕೆಯನ್ನೂ ತಪ್ಪಿಸಿ, ರೋಗಿಯ ಕಣ್ಣಿಗೆ ಕಾಣುವ ಕಡೆ ಗುರುತು ಮಾಡಿದರೆ ಮುಂದಿನ ಸೋರಿಕೆಗಳು ಎಷ್ಟೋ ತಪ್ಪುತ್ತವೆ. ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಇದಕ್ಕೆ ಸಮಯವಿಲ್ಲದಿರಬಹುದು, ಸಮಯವಿದ್ದಾಗ ಕೇಳದಿರಬಾರದು.

ಗ್ರಾಮ ಪಂಚಾಯಿತಿ ಏನು ಮಾಡಬಹುದು?

ಇದುವರೆಗೆ ಹೇಳಿದ್ದು ಮನೆಯವರು ಮಾಡುವ ಕೆಲಸ. ಇನ್ನು ಮುಂದಿನದು ತಮ್ಮದು.

ಒಂದು, ಶೌಚಾಲಯ. ಚೀಲ ಖಾಲಿ ಮಾಡುವವರಿಗೆ ಬೇಕಾದುದು ಒಳಗಿನಿಂದ ಹಾಕುವ ಚಿಲಕ, ಹರಿಯುವ ನೀರು, ಬೆಳಕು, ಸಾಮಾನು ಇಡಲು ಎದೆಯೆತ್ತರದಲ್ಲಿ ಒಂದು ಕಲ್ಲುಹಲಗೆ, ಬಟ್ಟೆ ತಗುಲಿಸಲು ಒಂದು ಮೊಳೆ. ಪಂಚಾಯಿತಿ ಕಚೇರಿಯ ಮತ್ತು ಸಮುದಾಯ ಶೌಚಾಲಯಗಳಲ್ಲಿ ಇವನ್ನು ಅಳವಡಿಸಲು ದೊಡ್ಡ ಅಂದಾಜುಪಟ್ಟಿ ಬೇಕಿಲ್ಲ. ಗ್ರಾಮಸಭೆಯ ದಿನ ಕಚೇರಿಯ ಶೌಚಾಲಯಕ್ಕೆ ಬೀಗ ಹಾಕದೆ ತೆರೆದಿಟ್ಟರೆ, ಬರಲು ಅಂಜುತ್ತಿದ್ದವರು ಬರುತ್ತಾರೆ.

ಎರಡು, ನೀರು. ಎರಡು ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಊರುಗಳಲ್ಲಿ ಇಂಥ ಮನೆಗೆ ನೀರು ತಪ್ಪದಂತೆ ನೀರುಗಂಟಿಯವರಿಗೆ ಸೂಚಿಸಬಹುದು. ಕಾರಣವನ್ನು ಅವರಿಗೆ ಹೇಳಬೇಕಾಗಿಲ್ಲ.

ಮೂರು, ತ್ಯಾಜ್ಯ. ಬಳಸಿದ ಚೀಲದ ಮಲವನ್ನು ಶೌಚಾಲಯಕ್ಕೆ ಸುರಿದು, ಚೀಲವನ್ನು ತೊಳೆದು, ಪತ್ರಿಕೆಯಲ್ಲಿ ಸುತ್ತಿ, ಕವರಿನಲ್ಲಿ ಕಟ್ಟಿ, ಮಕ್ಕಳ ಡೈಪರ್ ಹಾಗೂ ಸ್ಯಾನಿಟರಿ ಪ್ಯಾಡುಗಳಂತೆ ಪ್ರತ್ಯೇಕವಾಗಿ ಸ್ವಚ್ಛವಾಹಿನಿಗೆ ಕೊಡಬೇಕು. ಚೀಲವನ್ನು ಶೌಚಗುಂಡಿಗೆ ಹಾಕಿದರೆ ಗುಂಡಿ ಕಟ್ಟಿಕೊಳ್ಳುತ್ತದೆ. ಚರಂಡಿಗೂ ಕೆರೆಯಂಗಳಕ್ಕೂ ಎಸೆಯಬಾರದು. ವಾಹನದ ಮಹಿಳಾ ಸಿಬ್ಬಂದಿಗೆ ಕೈಗವಸು ಕೊಟ್ಟು, ಇಂಥ ಕಟ್ಟನ್ನು ಬಿಚ್ಚಿ ನೋಡದಂತೆ ತಿಳಿಸಬೇಕು.

ನಾಲ್ಕು, ಹಣ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು ಮುಖ್ಯವಾಗಿ ಆಸ್ಪತ್ರೆಯಲ್ಲಿ ಪಡೆಯುವ ಚಿಕಿತ್ಸೆಗೆ ಸಂಬಂಧಿಸಿದ್ದು. ಮನೆಗೆ ಬಂದ ಮೇಲೆ ತಿಂಗಳು ತಿಂಗಳು ಕೊಳ್ಳುವ ಚೀಲದ ಹೊರೆ ಕುಟುಂಬದ ಮೇಲೆಯೇ ಬೀಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಸ್ಟೋಮಾ ಅದರಲ್ಲಿ ಪ್ರತ್ಯೇಕವಾಗಿ ಇಲ್ಲ. ಆದ್ದರಿಂದ ಗುರುತಿನ ಚೀಟಿಯಿಂದ ತಾನಾಗಿಯೇ ನೆರವು ಬರುತ್ತದೆಂದು ಕಾಯುವಂತಿಲ್ಲ. ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ, ನಿಯಮಗಳಿಗೆ ಒಳಪಟ್ಟು, ಏನು ಸಾಧ್ಯವೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರೊಡನೆ ಚರ್ಚಿಸಿ ನಿರ್ಣಯ ಮಾಡುವುದು ಒಂದು ದಾರಿ. ದಾನಿಗಳಿಂದ, ಉದ್ದಿಮೆಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಕೇಳುವುದು ಇನ್ನೊಂದು ದಾರಿ. 1975ರಲ್ಲಿ ಮುಂಬಯಿಯಲ್ಲಿ ಆರಂಭವಾದ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇಂಥವರಿಗಾಗಿಯೇ ಇರುವ ಸಂಸ್ಥೆ. ಅದರ ಸಲಹೆಯನ್ನೂ ಪಡೆಯಬಹುದು.

ಐದು, ಭಾಷೆ. ನಮ್ಮ ಗಡಿಭಾಗದಲ್ಲಿ ಮನೆಯ ಮಾತು ಕೆಲವರಿಗೆ ತೆಲುಗು, ಕೆಲವರಿಗೆ ತಮಿಳು, ಕೆಲವರಿಗೆ ಉರ್ದು. ಆಸ್ಪತ್ರೆಯ ಬಿಡುಗಡೆ ಪತ್ರ ಬರುವುದು ಇಂಗ್ಲಿಷಿನಲ್ಲಿ. ಬೇತಮಂಗಲ, ಕ್ಯಾಸಂಬಳ್ಳಿ, ಕಾಮಸಮುದ್ರ, ಬೂದಿಕೋಟೆ ಕಡೆಯ ಸದಸ್ಯರು ಮತ್ತು ಆಶಾ ಕಾರ್ಯಕರ್ತೆಯರು ಅದರಲ್ಲಿರುವುದನ್ನು ಮನೆಯ ಮಾತಿನಲ್ಲಿ ಒಮ್ಮೆ ಹೇಳಿದರೆ ಅದಕ್ಕಿಂತ ದೊಡ್ಡ ಸೇವೆ ಇಲ್ಲ.

ಆರು, ಪ್ರಯಾಣ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್. ಮತ್ತು ಸುತ್ತಲಿನ ಸಾವಿರಾರು ಜನರ ಅನ್ನ ಬೆಂಗಳೂರಿನ ರೈಲಿನ ಮೇಲೆ ನಿಂತಿದೆ. ಮಾರಿಕುಪ್ಪಂನಲ್ಲಿ ಅಥವಾ ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತುವವನಿಗೆ ಸೋರುವ ಚೀಲವೆಂದರೆ ಕಳೆದುಹೋಗುವ ನೌಕರಿ. ಅಂಥವರಿಗೆ ಹೇಳಬೇಕಾದುದು: ಹೊರಡುವ ಮೊದಲು ಚೀಲ ಖಾಲಿ ಮಾಡಿ, ಅಳತೆಗೆ ಕತ್ತರಿಸಿದ ಒಂದು ಪ್ಲೇಟು, ಒಂದು ಚೀಲ, ಒಂದು ಬಾಟಲಿ ನೀರು, ಬಟ್ಟೆ, ಕವರು ಇರುವ ಸಣ್ಣ ಕೈಚೀಲವನ್ನು ಜೊತೆಯಲ್ಲಿಡಿ, ಆ ಕೈಚೀಲ ಬಿಸಿಲಿಗೆ ತಾಗದಿರಲಿ. ಈ ಸಿದ್ಧತೆಯಿದ್ದರೆ ಹೊರಗೆ ಹೋಗುವ ಧೈರ್ಯ ತಾನಾಗಿಯೇ ಬರುತ್ತದೆ.

ಏಳು, ಗುಟ್ಟು ಕಾಯುವುದು. ಇದನ್ನು ಕೊನೆಗೆ ಹೇಳುತ್ತಿದ್ದೇನೆ, ಆದರೆ ಇದೇ ಮೊದಲು. ಯಾರ ಹೊಟ್ಟೆಯ ಮೇಲೆ ಚೀಲವಿದೆ ಎಂಬುದು ಊರಿಗೆ ತಿಳಿಯಬೇಕಾದ ಸಂಗತಿಯಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿದೆ. ಗ್ರಾಮಸಭೆಯಲ್ಲಿ ಹೆಸರು ಓದಬಾರದು, ಫಲಾನುಭವಿಗಳ ಪಟ್ಟಿಯನ್ನು ಗೋಡೆಗೆ ಅಂಟಿಸುವಾಗ ಕಾಯಿಲೆಯ ಹೆಸರು ಬರೆಯಬಾರದು, ನೆರವು ಕೊಡುವಾಗ ಫೋಟೋ ತೆಗೆಸಬಾರದು. ಆಶಾ ಕಾರ್ಯಕರ್ತೆಯವರು ಮನೆಗೆ ಹೋಗಿ, ಆ ವ್ಯಕ್ತಿ ಒಪ್ಪಿದರೆ ಮಾತ್ರ, ಒಬ್ಬ ಸದಸ್ಯರಿಗೆ ಅಥವಾ ಅಧಿಕಾರಿಗೆ ತಿಳಿಸುವ ಕ್ರಮ ಸಾಕು. ಮಹಿಳೆಯಾಗಿದ್ದರೆ ಮಹಿಳಾ ಸದಸ್ಯರೇ ಹೋಗಲಿ. ನಾಲಿಗೆ ಸೋರಿದರೆ ಚೀಲ ಸೋರುವುದಕ್ಕಿಂತ ಹೆಚ್ಚಿನ ಹಾನಿಯಾಗುತ್ತದೆ.

ಮಾನ್ಯರೇ, ಇಲ್ಲಿ ಹೇಳಿದ ಯಾವುದಕ್ಕೂ ದೊಡ್ಡ ಯೋಜನೆ ಬೇಕಿಲ್ಲ. ಮನೆಯಲ್ಲಿ ಸರಿಯಾದ ಅಳತೆ, ಬರಿಯ ನೀರು, ಒಣಗಿದ ಚರ್ಮ, ತಿರುಗಿಸಿ ನೋಡಿದ ಪ್ಲೇಟು. ಊರಿನಲ್ಲಿ ಒಂದು ಚಿಲಕ, ಒಂದು ಹಲಗೆ, ತಪ್ಪದ ನೀರು, ಮುಚ್ಚಿದ ಬಾಯಿ. ಇಷ್ಟಾದರೆ ಮನೆಯ ಮೂಲೆಯಲ್ಲಿ ಕುಳಿತವರು ಎದ್ದು ಹೊಲಕ್ಕೆ, ಕೆಲಸಕ್ಕೆ, ಮದುವೆಗೆ, ತಮ್ಮ ಸಭೆಗೆ ಬರುತ್ತಾರೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಶೌಚಾಲಯದ ವಿಷಯವನ್ನಾದರೂ ಕಾರ್ಯಸೂಚಿಗೆ ಸೇರಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.